ಚೌಕಾಸಿ: ಚಿಕ್ಕಬಳ್ಳಾಪುರ ಸೀಮೆಯ ಮಾರುಕಟ್ಟೆಗಳಲ್ಲಿ ಬೆಲೆ ನಿಷ್ಕರ್ಷೆಯಾಗುವ ಬಗೆ

೧. ವಿಷಯಪ್ರವೇಶ

ಕೊಳ್ಳುವವನೂ ಮಾರುವವನೂ ಎದುರುಬದುರಾಗಿ ನಿಂತು, ಒಂದು ಪದಾರ್ಥದ ಬೆಲೆಯನ್ನು ಏರಿಸಿ ಇಳಿಸಿ, ಕಡೆಗೆ ಒಂದು ಮೊತ್ತಕ್ಕೆ ಒಡಂಬಡುವ ವ್ಯವಹಾರಕ್ಕೆ ಕನ್ನಡದಲ್ಲಿ ಚೌಕಾಸಿಯೆಂದು ಹೆಸರು. ಮರಾಠಿಯಲ್ಲಿ ಇದಕ್ಕೆ ಅತಿ ಸಮೀಪವಾದ ಚೌಕಶಿ ಎಂಬ ಶಬ್ದಕ್ಕೆ ವಿಚಾರಣೆ, ಶೋಧನೆ ಎಂಬುದೇ ಅರ್ಥ. ಇವೆರಡೂ ಒಂದೇ ಮೂಲದವೆಂದು ಎಣಿಸುವುದಾದರೆ, ಬೆಲೆಗಾಗಿ ಜಗ್ಗಾಡುವುದೆಂಬ ಅರ್ಥಕ್ಕಿಂತ ಪದಾರ್ಥವನ್ನು ತಿರುವಿ ನೋಡಿ ವಿಚಾರಿಸುವುದೆಂಬ ಅರ್ಥವೇ ಹಿಂದಿನದೆಂದು ಹೇಳಬೇಕಾಗುತ್ತದೆ. ಚಿಕ್ಕಬಳ್ಳಾಪುರ ಸೀಮೆಯಲ್ಲಿ ಕನ್ನಡದ ಜತೆಗೆ ತೆಲುಗೂ ಬಳಕೆಯಲ್ಲಿರುವುದರಿಂದ ಅಲ್ಲಿನ ಸಂತೆಗಳಲ್ಲಿ ಇದೇ ವ್ಯವಹಾರಕ್ಕೆ ಬೇರಮು ಎಂಬ ಮಾತೂ ಕೇಳಿಬರುತ್ತದೆ.

ಈ ಸೀಮೆಯ ಜನರು ತಮ್ಮ ಬೆಳೆಯನ್ನು ಮಾರುವ ಕ್ರಮವು ಈಚಿನ ವರ್ಷಗಳಲ್ಲಿ ಬಹಳ ಮಟ್ಟಿಗೆ ಮಾರ್ಪಟ್ಟಿರುತ್ತದೆ. ಒಂದು ಕಾಲಕ್ಕೆ ವಲ್ಲಿಯ ಮರೆಯಲ್ಲಿ ಬೆರಳುಗಳಿಂದ ನಡೆದ ಚೌಕಾಸಿಯು ಆಮೇಲೆ ಬಹಿರಂಗ ಹರಾಜಿನ ಕೂಗಾಯಿತು. ಆ ಕೂಗು ಈಗ ಕೈಫೋನಿನ ಗಾಜಿನ ಮೇಲೆ ಮೂಡುವ ಅಂಕಿಯಾಗಿದೆ. ಕೊಳ್ಳುವವನ ಮುಖವನ್ನು ಮಾರುವವನು ಕಾಣಬೇಕಾದ ಅಗತ್ಯವೇ ಇಲ್ಲವಾದಮೇಲೆ ಚೌಕಾಸಿಯೂ ಇಲ್ಲವಾಯಿತೆ? ಇಲ್ಲವಾದುದು ಅದರ ಯಾವ ಭಾಗ, ಉಳಿದುದು ಯಾವ ಭಾಗ? ರೈತನಿಗೆ ಇದರಿಂದ ಲಾಭವಾಯಿತೋ ನಷ್ಟವಾಯಿತೋ? ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಮುಖ್ಯ ನಿದರ್ಶನವಾಗಿ ತೆಗೆದುಕೊಂಡು, ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರಗಳ ವ್ಯಾಪಾರವನ್ನು ಅದರೊಡನೆ ಹೋಲಿಸಲಾಗುವುದು.

೨. ಸೀಮೆಯ ಸ್ವರೂಪ

ಚಿಕ್ಕಬಳ್ಳಾಪುರವು ೨೦೦೭ರಲ್ಲಿ ಕೋಲಾರ ಜಿಲ್ಲೆಯಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಯಿತು. ನಂದಿಯ ಬೆಟ್ಟಗಳ ಸುತ್ತಿನಲ್ಲಿ ಉತ್ತರ ದಕ್ಷಿಣ ಪಿನಾಕಿನಿಗಳು ಹುಟ್ಟುವುವಾದರೂ ವರ್ಷವಿಡೀ ನೀರು ಹರಿಯುವ ನದಿ ಈ ಜಿಲ್ಲೆಯಲ್ಲಿ ಒಂದೂ ಇಲ್ಲ. ಕೆರೆ ತುಂಬಿದ ವರ್ಷ ಕೆರೆಯ ನೀರು, ಇಲ್ಲದ ವರ್ಷ ಆಳವಾದ ಕೊಳವೆ ಬಾವಿಯ ನೀರು. ಇವೇ ಸಾಗುವಳಿಗೆ ಆಧಾರ. ನೀರು ಕಡಮೆಯಾದ ಕಡೆಯಲ್ಲಿ ರೈತನು ಇರುವ ಅಷ್ಟು ನೀರಿಗೆ ಹೆಚ್ಚು ಹಣ ಬರುವ ಬೆಳೆಯನ್ನೇ ಆರಿಸಿಕೊಳ್ಳುವುದು ಸಹಜ. ಆದುದರಿಂದಲೇ ಹಿಪ್ಪುನೇರಳೆ, ಟೊಮ್ಯಾಟೊ, ಹೂವು, ದ್ರಾಕ್ಷಿ, ತರಕಾರಿಗಳು ಇಲ್ಲಿ ವಿಶೇಷವಾಗಿ ಬೆಳೆಯುತ್ತವೆ. ಆದರೆ ಈ ಬೆಳೆಗಳಿಗೆಲ್ಲ ಒಂದು ಸಾಮಾನ್ಯವಾದ ದೋಷವುಂಟು, ಅವು ಕಾಯಲಾರವು.

ಚಿಕ್ಕಬಳ್ಳಾಪುರದ ಪೇಟೆಗೆ ಬೆಳಗ್ಗೆ ಬಂದ ಹೂವು ಸಂಜೆಗೆ ಬಾಡುತ್ತದೆ. ಚಿಂತಾಮಣಿಯ ಮಂಡಿಗೆ ಬಂದ ಹಣ್ಣಾದ ಟೊಮ್ಯಾಟೊ ನಾಲ್ಕಾರು ದಿನಗಳಿಗಿಂತ ಹೆಚ್ಚು ತಾಳದು. ಶಿಡ್ಲಘಟ್ಟದ ಗೂಡಿಗೆ ಒಂದು ವಾರದ ಅವಧಿಯುಂಟು. ಗೌರಿಬಿದನೂರಿನ ಮುಸುಕಿನ ಜೋಳ ಮಾತ್ರ ಚೆನ್ನಾಗಿ ಒಣಗಿದ್ದರೆ ತಿಂಗಳುಗಟ್ಟಲೆ ನಿಲ್ಲಬಲ್ಲದು. ನಾಲ್ಕು ಊರುಗಳ ಚೌಕಾಸಿಯಲ್ಲಿ ಕಾಣುವ ಭೇದಗಳಿಗೆ ಈ ಕಾಲಪ್ರಮಾಣವೇ ಬಹುಮಟ್ಟಿಗೆ ಕಾರಣವೆಂಬುದು ಮುಂದೆ ಸ್ಪಷ್ಟವಾಗುವುದು.

೩. ವಲ್ಲಿಯ ಮರೆಯ ಬೆಲೆ

ಶಿವರಾತ್ರಿಯ ಸಮಯದಲ್ಲಿ ನಂದಿಯ ಭೋಗನಂದೀಶ್ವರನ ಜಾತ್ರೆ, ಅದಕ್ಕೆ ಮೊದಲು ನೆರೆಯ ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ಜಾತ್ರೆ, ಇವೆರಡೂ ದನಗಳ ವ್ಯಾಪಾರಕ್ಕೆ ಪ್ರಸಿದ್ಧವಾದುವು. ಎತ್ತಿನ ಜೋಡಿಯ ಬೆಲೆಯನ್ನು ಬಾಯಿಬಿಟ್ಟು ಹೇಳುವುದು ದನದ ವ್ಯಾಪಾರದ ಹಳೆಯ ರೂಢಿಯಲ್ಲ. ದಲ್ಲಾಳಿಯು ತನ್ನ ವಲ್ಲಿಯನ್ನು ಕೈಯ ಮೇಲೆ ಹೊದಿಸಿ, ಅದರ ಅಡಿಯಲ್ಲಿ ಎದುರಿನವನ ಬೆರಳುಗಳನ್ನು ಹಿಡಿಯುತ್ತಾನೆ. ಹಿಡಿದ ಬೆರಳುಗಳೆಷ್ಟೋ ಅಷ್ಟು ಸಾವಿರ, ಅಥವಾ ಅಷ್ಟು ನೂರು. ಸಾವಿರವೋ ನೂರೋ ಎಂಬುದಷ್ಟೇ ಬಾಯಿಂದ ಹೊರಡುವ ಮಾತು. ಸುತ್ತ ನೆರೆದ ಹತ್ತು ಜನಕ್ಕೆ ತಲೆಯಾಡಿಸಿದುದು ಕಾಣುತ್ತದೆ, ಅಂಕಿ ತಿಳಿಯದು.

ಈ ಗೋಪ್ಯಕ್ಕೆ ಒಂದು ಪ್ರಯೋಜನವುಂಟು. ಒಬ್ಬನಿಗೆ ಇಳಿಸಿದ ಬೆಲೆ ಮತ್ತೊಬ್ಬನಿಗೆ ತಿಳಿಯದ ಕಾರಣ ಮಾರುವವನು ಪ್ರತಿಯೊಬ್ಬನೊಡನೆಯೂ ಹೊಸದಾಗಿ ಮಾತಿಗೆ ತೊಡಗಬಹುದು. ವ್ಯಾಪಾರ ಕುದುರದೆ ಹೋದರೂ ಯಾರಿಗೂ ಮಾನಭಂಗವಿಲ್ಲ. ಆದರೆ ಇದರಿಂದಾಗುವ ಕೇಡು ಹೆಚ್ಚಿನದು. ಇಬ್ಬರ ಬೆರಳುಗಳನ್ನೂ ಹಿಡಿದು ಬಲ್ಲವನು ದಲ್ಲಾಳಿಯೊಬ್ಬನೇ. ಕೊಳ್ಳುವವನು ಎಷ್ಟರವರೆಗೆ ಏರುವನು, ಮಾರುವವನು ಎಷ್ಟಕ್ಕೆ ಇಳಿಯುವನು ಎಂಬೆರಡನ್ನೂ ಅರಿತ ಅವನು ನಡುವಣ ಅಂತರದಲ್ಲಿ ತನ್ನ ಪಾಲನ್ನು ಕಂಡುಕೊಳ್ಳಬಲ್ಲನು. ಹಿಂದೂದೇಶದ ಒಕ್ಕಲುತನವನ್ನು ಪರಿಶೀಲಿಸಿ ೧೯೨೮ರಲ್ಲಿ ವರದಿಯನ್ನೊಪ್ಪಿಸಿದ ರಾಯಲ್ ಕೃಷಿ ಆಯೋಗವು ಪೇಟೆಗಳಲ್ಲಿನ ಇಂತಹ ಅಕ್ರಮಗಳನ್ನು ವಿಮರ್ಶಿಸಿ, ಕಾಯಿದೆಗೊಳಪಟ್ಟ ಮಾರುಕಟ್ಟೆಗಳನ್ನು ಸ್ಥಾಪಿಸಬೇಕೆಂದು ಸಲಹೆ ಮಾಡಿತು. ಬೀರಾರಿನಲ್ಲಿ ಹತ್ತಿಗೂ ಧಾನ್ಯಕ್ಕೂ ೧೮೯೭ರಲ್ಲಿಯೇ ಆಗಿದ್ದ ಕಾನೂನು ಇದಕ್ಕೆ ಮೇಲ್ಪಂಕ್ತಿಯಾಗಿತ್ತು.

ಆದರೂ ಹಳೆಯ ಚೌಕಾಸಿಯು ಬೆಲೆಯೊಂದರ ವಿಷಯವಾಗಿ ಮಾತ್ರ ನಡೆಯುತ್ತಿರಲಿಲ್ಲವೆಂಬುದನ್ನು ಮರೆಯಲಾಗದು. ಅದರ ಶಬ್ದಸಂಪತ್ತೇ ಇದನ್ನು ತೋರಿಸುತ್ತದೆ. ದಿನದ ಮೊದಲ ವ್ಯಾಪಾರ ಬೋಣಿ; ಅಳೆದುಕೊಟ್ಟ ಮೇಲೆ ಹಾಕುವ ಹಿಡಿಯಷ್ಟು ಹೆಚ್ಚಿನ ಪದಾರ್ಥ ಕೊಸರು; ಮಾತು ಮುರಿಯದಿರಲೆಂದು ಮೊದಲೇ ಕೊಡುವ ಹಣ ಸಂಚಕಾರ. ಈ ಕಡೆಯ ಶಬ್ದವು ಸಂಸ್ಕೃತದ ಸತ್ಯಂಕಾರದ ತದ್ಭವ. ಮಾತನ್ನು ಸತ್ಯವಾಗಿಸುವುದೆಂಬುದೇ ಅದರ ಅರ್ಥ. ‘ಅಸಲೂ ಗಿಟ್ಟುವುದಿಲ್ಲ’ ಎಂದು ಮಾರುವವನು ಹಿಂದೆಗೆದಾಗ, ‘ನಿಮಗೂ ಬೇಡ, ನಮಗೂ ಬೇಡ’ ಎಂದು ನಡುವಣ ಮೊತ್ತವನ್ನು ಸೂಚಿಸುವುದು ದಲ್ಲಾಳಿಯ ಮಾಮೂಲು ಮಾತು. ಹೀಗೆ ಪದಾರ್ಥದ ಗುಣ, ತೂಕದ ನ್ಯಾಯ, ಹಣ ಸಲ್ಲುವ ಕಾಲ, ಮಾತಿನ ನಂಬಿಕೆ ಇವೆಲ್ಲವೂ ಒಂದೇ ಸಂಭಾಷಣೆಯಲ್ಲಿ ತೀರ್ಮಾನವಾಗುತ್ತಿದ್ದುವು.

೪. ರೇಷ್ಮೆಗೂಡಿನ ವಿಶೇಷ

ಮೈಸೂರು ಸೀಮೆಯಲ್ಲಿ ರೇಷ್ಮೆಯ ವ್ಯವಸಾಯಕ್ಕೆ ಟೀಪೂ ಸುಲ್ತಾನನ ಕಾಲದಲ್ಲಿ ಪ್ರೋತ್ಸಾಹ ದೊರೆತುದೂ, ಮೈಸೂರು ಸರ್ಕಾರದವರು ಅದಕ್ಕಾಗಿ ೧೯೧೪ರಲ್ಲಿ ಪ್ರತ್ಯೇಕ ಇಲಾಖೆಯನ್ನು ತೆರೆದುದೂ ವಾಚಕರಿಗೆ ತಿಳಿದ ಸಂಗತಿಗಳು. ಶಿಡ್ಲಘಟ್ಟದ ಸುತ್ತಿನ ಹಳ್ಳಿಗಳಲ್ಲಿ ಹುಳು ಸಾಕುವ ಮನೆಗಳು, ಪಟ್ಟಣದಲ್ಲಿ ನೂಲು ಬಿಚ್ಚುವ ಚರಕ ಮತ್ತು ಬೇಸಿನ್ನುಗಳು. ಹೀಗೆ ಮಾರುವವನೂ ಕೊಳ್ಳುವವನೂ ಹತ್ತಾರು ಮೈಲಿಗಳ ಒಳಗೇ ಇರುತ್ತಾರೆ. ನೂಲು ಬಿಚ್ಚುವವನಿಗೆ ಈ ಸೀಮೆಯಲ್ಲಿ ರೀಲರೆಂದೇ ಹೆಸರು.

ಮೊಟ್ಟೆಯೊಡೆದ ಹುಳು ಸುಮಾರು ೨೫ ದಿನ ಸೊಪ್ಪು ತಿಂದು ಹಣ್ಣಾಗುತ್ತದೆ. ಅನಂತರ ಅದನ್ನು ಚಂದ್ರಿಕೆಯ ಮೇಲೆ ಬಿಟ್ಟರೆ ಎರಡು ಮೂರು ದಿನಗಳಲ್ಲಿ ಗೂಡು ಕಟ್ಟುತ್ತದೆ. ಚಂದ್ರಿಕೆಗೆ ಬಿಟ್ಟ ಐದಾರು ದಿನಗಳಿಗೆ, ಒಳಗಣ ಹುಳು ಕೋಶವಾಗಿ ಗಟ್ಟಿಯಾದಮೇಲೆ, ಗೂಡನ್ನು ಬಿಡಿಸುತ್ತಾರೆ. ಸುಮಾರು ಎರಡು ವಾರಗಳಾಗುವಷ್ಟರಲ್ಲಿ ಪತಂಗವು ಗೂಡನ್ನು ತೂತುಮಾಡಿಕೊಂಡು ಹೊರಬರುತ್ತದೆ. ತೂತಾದ ಗೂಡಿನಿಂದ ಅಖಂಡವಾದ ಎಳೆ ಬಾರದು. ಈ ನಡುವೆ ದಿನದಿನಕ್ಕೂ ಗೂಡಿನ ತೂಕ ಇಳಿಯುತ್ತಲೇ ಇರುತ್ತದೆ. ಆದುದರಿಂದ ಬಿಡಿಸಿದ ಗೂಡನ್ನು ಒಂದೆರಡು ದಿನಗಳೊಳಗೆ ಮಾರುವುದು ರೈತನಿಗೆ ಅನಿವಾರ್ಯ. ಕೊಂಡ ರೀಲರಾದರೋ ಆವಿಯಲ್ಲಿಯೋ ಬಿಸಿಗಾಳಿಯಲ್ಲಿಯೋ ಕೋಶವನ್ನು ಕೊಂದು ಗೂಡನ್ನು ಉಳಿಸಿಕೊಳ್ಳಬಲ್ಲನು. ಒಬ್ಬನ ಕೈಯಲ್ಲಿ ಕಾಲವಿಲ್ಲ; ಇನ್ನೊಬ್ಬನ ಕೈಯಲ್ಲಿ ಸ್ವಲ್ಪ ಮಟ್ಟಿಗಾದರೂ ಇದೆ.

ಇನ್ನು ಗೂಡಿನ ಗುಣದ ವಿಚಾರ. ಒಂದು ಕಿಲೋ ನೂಲು ತೆಗೆಯಲು ಎಷ್ಟು ಕಿಲೋ ಗೂಡು ಬೇಕಾಗುವುದೋ ಆ ಪ್ರಮಾಣಕ್ಕೆ ರೇಂಡಿಟ್ಟವೆಂದು ಹೆಸರು. ಮಿಶ್ರತಳಿಯ ಗೂಡಿಗೆ ಇದು ಸಾಮಾನ್ಯವಾಗಿ ಏಳೆಂಟರ ಸುಮಾರಿಗೂ, ಒಳ್ಳೆಯ ದ್ವಿತಳಿಯ ಗೂಡಿಗೆ ಆರರ ಆಸುಪಾಸಿಗೂ ಇರುತ್ತದೆ. ಈ ಸಣ್ಣ ಅಂಕಿಯ ಮಹತ್ತ್ವವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಲೆಕ್ಕದ ಸೌಕರ್ಯಕ್ಕಾಗಿ ನೂಲಿನ ಬೆಲೆ ಕಿಲೋಗೆ ೪,೦೦೦ ರೂಪಾಯಿಗಳೆಂದೂ, ನೂಲು ತೆಗೆಯುವ ಖರ್ಚೂ ರೀಲರ ಲಾಭವೂ ಸೇರಿ ೬೦೦ ರೂಪಾಯಿಗಳೆಂದೂ ಇಟ್ಟುಕೊಳ್ಳೋಣ. ಉಳಿದ ೩,೪೦೦ ರೂಪಾಯಿಗಳು ಗೂಡಿಗೆ ಸಲ್ಲತಕ್ಕದ್ದು. ರೇಂಡಿಟ್ಟ ಎಂಟಾದರೆ ಗೂಡಿನ ಬೆಲೆ ಕಿಲೋಗೆ ೪೨೫ ರೂಪಾಯಿ. ಏಳಾದರೆ ಸುಮಾರು ೪೮೫ ರೂಪಾಯಿ. ನೂರು ಮೊಟ್ಟೆ ಸಾಕಿ ೬೫ ಕಿಲೋ ಗೂಡು ತೆಗೆದ ರೈತನಿಗೆ ಈ ಒಂದು ಅಂಕಿಯ ವ್ಯತ್ಯಾಸದಿಂದ ೩,೯೦೦ ರೂಪಾಯಿಗಳ ಹೆಚ್ಚು ಕಡಮೆಯಾಗುತ್ತದೆ. ಒಂದು ತಿಂಗಳು ಹಗಲಿರುಳು ಸೊಪ್ಪು ಹಾಕಿದ ಮನೆಯವರ ಕೂಲಿಯು ಬಹುಶಃ ಇದರಲ್ಲಿಯೇ ಅಡಗಿರುತ್ತದೆ.

ಆದರೆ ನೂಲು ಬಿಚ್ಚಿದಲ್ಲದೆ ರೇಂಡಿಟ್ಟವು ನಿಶ್ಚಯವಾಗಿ ತಿಳಿಯದು. ಹರಾಜಿಗೆ ಮೊದಲು ರೀಲರು ಗೂಡನ್ನು ಹಿಡಿಯಲ್ಲಿ ತೆಗೆದು ಒತ್ತಿ ನೋಡುತ್ತಾನೆ. ಕಿವಿಯ ಬಳಿ ಅಲ್ಲಾಡಿಸಿ ಒಳಗಣ ಕೋಶದ ಶಬ್ದವನ್ನು ಕೇಳುತ್ತಾನೆ. ಜಾಲರಿಯ ತಳಕ್ಕೆ ಕೈಹಾಕಿ ಮೇಲಣ ಗೂಡಿಗೂ ತಳದ ಗೂಡಿಗೂ ಸಾಮ್ಯವುಂಟೇ ಎಂದು ಪರೀಕ್ಷಿಸುತ್ತಾನೆ. ಜೋಡಿಗೂಡು, ಜಾಳುಗೂಡು, ಕಲೆಯ ಗೂಡು, ಊಜಿ ನೊಣದಿಂದ ತೂತಾದ ಗೂಡು ಇವುಗಳೆಷ್ಟಿವೆಯೆಂದು ಕಣ್ಣಳತೆಯಿಂದಲೇ ಎಣಿಸುತ್ತಾನೆ. ಚೌಕಾಸಿಯ ಮೂಲಾರ್ಥವಾದ ವಿಚಾರಣೆಯೆಂದರೆ ಇದೇ.

ಇಲ್ಲಿ ಒಂದು ವೈಚಿತ್ರ್ಯವನ್ನು ಗಮನಿಸಬೇಕು. ಮಾರುವವನಿಗೆ ತಿಳಿದ ದೋಷವು ಕೊಳ್ಳುವವನಿಗೆ ತಿಳಿಯದಿದ್ದರೆ ಒಳ್ಳೆಯ ಪದಾರ್ಥವೇ ಪೇಟೆಯಿಂದ ದೂರವಾಗುವುದೆಂದು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಆಕರ್‌ಲಾಫ್ ೧೯೭೦ರಲ್ಲಿ ಪ್ರತಿಪಾದಿಸಿದನು. ಗೂಡಿನ ವ್ಯಾಪಾರದಲ್ಲಿ ಅಜ್ಞಾನವು ಇಬ್ಬರಿಗೂ ಹಂಚಿಕೆಯಾಗಿದೆ. ಹುಳುವಿಗೆ ಬಂದ ರೋಗವನ್ನು ರೈತನು ಬಲ್ಲನು. ಇಂತಹ ಗೂಡಿನಿಂದ ಎಷ್ಟು ನೂಲು ಇಳಿಯುವುದೆಂಬುದನ್ನು ದಿನವೂ ನೂಲು ಬಿಚ್ಚುವ ರೀಲರು ಬಲ್ಲನು. ತಾನು ಬೆಳೆದ ಪದಾರ್ಥದ ನಿಜವಾದ ಬೆಲೆಯನ್ನು ಕೊಳ್ಳುವವನ ಬಾಯಿಂದಲೇ ರೈತನು ತಿಳಿಯಬೇಕಾದ ಪರಿಸ್ಥಿತಿಯಿದು.

೫. ಕೂಗಿನ ಹರಾಜು

ಮಾರುಕಟ್ಟೆಗಳು ಏರ್ಪಡುವುದಕ್ಕೆ ಮೊದಲು ಗೂಡಿನ ವ್ಯಾಪಾರವು ಹೆಚ್ಚಾಗಿ ಹಳ್ಳಿಗಳಲ್ಲಿಯೇ ನಡೆಯುತ್ತಿತ್ತು. ಮಧ್ಯಸ್ಥನು ಮನೆಯ ಬಾಗಿಲಿಗೆ ಬಂದು ಚಂದ್ರಿಕೆಯನ್ನು ನೋಡಿ ಕಣ್ಣಂದಾಜಿನಿಂದ ಬೆಲೆ ಕಟ್ಟುವನು. ಅವನಲ್ಲಿ ಮೊದಲೇ ಮುಂಗಡ ಪಡೆದಿದ್ದ ರೈತನು ಬೇರೆಯವರಿಗೆ ಮಾರುವಂತಿಲ್ಲ. ಇದನ್ನು ಸರಿಪಡಿಸುವ ಉದ್ದೇಶದಿಂದ ಮೈಸೂರು ರಾಜ್ಯದಲ್ಲಿ ೧೯೫೯ರಲ್ಲಿ ರೇಷ್ಮೆ ಬಿತ್ತನೆ, ಗೂಡು ಮತ್ತು ನೂಲುಗಳ ಉತ್ಪಾದನೆಯನ್ನೂ ಮಾರಾಟವನ್ನೂ ನಿಯಂತ್ರಿಸುವ ಶಾಸನವು ಹುಟ್ಟಿತು. ೧೯೭೯ರಲ್ಲಿ ಅದು ಮತ್ತಷ್ಟು ಬಿಗಿಯಾಗಿ, ಗೂಡಿನ ಕ್ರಯವಿಕ್ರಯಗಳು ಸರ್ಕಾರದ ಮಾರುಕಟ್ಟೆಗಳಲ್ಲಿ ಬಹಿರಂಗ ಹರಾಜಿನಿಂದಲೇ ನಡೆಯತಕ್ಕದ್ದೆಂಬ ನಿಯಮವು ಬಲಗೊಂಡಿತು. ನೂಲಿನ ಮಾರಾಟಕ್ಕಾಗಿ ಕರ್ನಾಟಕ ರೇಷ್ಮೆ ಮಾರಾಟ ಮಂಡಲಿಯು ಸ್ಥಾಪಿತವಾದುದೂ ಅದೇ ವರ್ಷ. ರಾಮನಗರದ ಮಾರುಕಟ್ಟೆಯ ಜತೆಗೆ ಶಿಡ್ಲಘಟ್ಟದ್ದೂ ರಾಜ್ಯದ ಪ್ರಮುಖ ಗೂಡಿನ ಮಾರುಕಟ್ಟೆಯಾಗಿ ಬೆಳೆಯಿತು.

ಕೂಗಿನ ಹರಾಜಿನಲ್ಲಿ ಮಾರುಕಟ್ಟೆಯ ಸಿಬ್ಬಂದಿಯು ಒಂದೊಂದು ಲಾಟಿನ ಮುಂದೆಯೂ ನಿಂತು ಬೆಲೆ ಕೇಳುವರು; ರೀಲರುಗಳು ಸುತ್ತ ನೆರೆದು ಒಬ್ಬರ ಮೇಲೊಬ್ಬರು ಏರಿಸುವರು. ವಲ್ಲಿಯ ಮರೆ ಹೋಗಿ ಅಂಕಿಯು ಎಲ್ಲರ ಕಿವಿಗೂ ಬಿದ್ದಿತು. ಪಕ್ಕದ ಲಾಟು ಎಷ್ಟಕ್ಕೆ ಹೋಯಿತೆಂಬುದನ್ನು ರೈತನು ಕಣ್ಣಾರೆ ಕಂಡನು. ಅನುಭವಶಾಲಿಯಾದ ರೀಲರೊಬ್ಬನು ಒಂದು ಲಾಟಿಗೆ ಎರಡು ಸಲ ಏರಿಸಿದರೆ ಅದರಲ್ಲಿ ಗುಣವಿದೆಯೆಂದು ಉಳಿದವರೂ ಮುಂದೆ ಬರುವರು. ಹೀಗೆ ಒಬ್ಬನ ಜ್ಞಾನವು ಅವನಿಗರಿಯದೆಯೇ ಎಲ್ಲರಿಗೂ ಹಂಚಿಕೆಯಾಗುವುದು. ಆದರೆ ಮುಖ ಕಾಣುವ ಹರಾಜಿಗೆ ಮುಖ ಕಾಣುವುದರಿಂದಲೇ ಬರುವ ದೋಷಗಳೂ ಉಂಟು. ದಿನವೂ ಒಟ್ಟಿಗೆ ನಿಲ್ಲುವ ನಾಲ್ಕು ಜನರು ‘ಇದು ನಿನಗೆ, ಅದು ನನಗೆ’ ಎಂದು ಕಣ್ಸನ್ನೆಯಲ್ಲಿಯೇ ಗೊತ್ತುಮಾಡಿಕೊಳ್ಳಬಹುದು. ದೊಡ್ಡ ರೀಲರು ನಿಂತ ಕಡೆ ಸಣ್ಣ ಚರಕದವನು ದಾಕ್ಷಿಣ್ಯದಿಂದ ಬಾಯಿಬಿಡದಿರಬಹುದು.

೬. ಗಾಜಿನ ಮೇಲಣ ಹರಾಜು

೨೦೧೦ರ ದಶಕದಲ್ಲಿ ಗೂಡಿನ ಮಾರುಕಟ್ಟೆಗಳಿಗೆ ವಿದ್ಯುನ್ಮಾನ ಹರಾಜಿನ ಪದ್ಧತಿಯು ಬಂದಿತು. ರೈತನು ಗೂಡನ್ನು ಜಾಲರಿಗೆ ಸುರಿದು ಲಾಟಿನ ಸಂಖ್ಯೆಯನ್ನು ಪಡೆಯುತ್ತಾನೆ. ರೀಲರುಗಳು ಸುತ್ತಾಡಿ ಗೂಡನ್ನು ಪರೀಕ್ಷಿಸುತ್ತಾರೆ. ಹರಾಜು ಆರಂಭವಾದೊಡನೆ ಅವರು ತಮ್ಮ ಕೈಫೋನಿನಲ್ಲಿ ಲಾಟಿನ ಸಂಖ್ಯೆಗೆ ಎದುರಾಗಿ ಬೆಲೆಯನ್ನು ನಮೂದಿಸುತ್ತ ಏರಿಸುತ್ತ ಹೋಗುತ್ತಾರೆ. ಅವಧಿ ಮುಗಿದಾಗ ಮೇಲೆ ನಿಂತ ಅಂಕಿಯೇ ಆ ಲಾಟಿನ ಧಾರಣೆ. ರೈತನಿಗೆ ಅದು ಗಿಟ್ಟದಿದ್ದರೆ ಒಪ್ಪದೆ ಮತ್ತೊಂದು ಸುತ್ತಿನ ಹರಾಜಿಗೆ ಕಾಯಬಹುದು. ತೂಕವು ಗಣಕಕ್ಕೆ ಜೋಡಿಸಿದ ತಕ್ಕಡಿಯಲ್ಲಿ ಆಗುತ್ತದೆ. ಹಣವು ಬ್ಯಾಂಕಿನ ಮೂಲಕ ರೈತನ ಲೆಕ್ಕಕ್ಕೆ ಸಲ್ಲುವ ಏರ್ಪಾಡೂ ಅನಂತರ ಬಂದಿದೆ.

ಇದರಿಂದಾದ ಲಾಭಗಳು ಸುಸ್ಪಷ್ಟವಾದುವು. ಮುಖದಾಕ್ಷಿಣ್ಯವಿಲ್ಲದ ಕಾರಣ ಚರಕದವನೂ ದೊಡ್ಡ ಕಾರ್ಖಾನೆಯವನೂ ಸಮನಾಗಿ ಬೆಲೆ ಕೇಳಬಹುದು. ನಾಲ್ವರು ಗೊತ್ತುಮಾಡಿಕೊಂಡರೂ ಐದನೆಯವನು ಯಾರಿಗೂ ತಿಳಿಯದಂತೆ ಒಂದು ರೂಪಾಯಿ ಏರಿಸಬಹುದು. ತೂಕದ ಜಗಳ ತಗ್ಗಿತು. ಪ್ರತಿದಿನದ ಧಾರಣೆಯು ದಾಖಲೆಯಾಗಿ ಉಳಿಯಿತು.

ಆದರೆ ಹಳೆಯ ಸಂಭಾಷಣೆಯ ನಾಲ್ಕು ಅಂಶಗಳಲ್ಲಿ ಬೆಲೆ, ತೂಕ, ಹಣಪಾವತಿ ಇವು ಮೂರು ಯಂತ್ರಕ್ಕೆ ಒಪ್ಪಿತವಾದುವೇ ಹೊರತು ನಾಲ್ಕನೆಯದಾದ ಗುಣವಿಚಾರಣೆಯು ಮೊದಲಿದ್ದ ಕಡೆಯೇ ಉಳಿಯಿತು. ಅದು ಈಗಲೂ ರೀಲರ ಹಿಡಿಯಲ್ಲಿಯೇ ನಡೆಯುತ್ತದೆ. ಫಲಿತಾಂಶವು ಅವನ ಮನಸ್ಸಿನಲ್ಲಿಯೇ ಇರುತ್ತದೆ. ಕೂಗಿನ ಹರಾಜಿನಲ್ಲಿ ‘ತಳದಲ್ಲಿ ಜಾಳಿದೆ’ ಎಂದು ರೀಲರು ಆಡಿದ ಮಾತಿಗೆ ರೈತನು ‘ಸುರಿದು ನೋಡಿ’ ಎಂದು ಉತ್ತರ ಕೊಡಬಹುದಾಗಿತ್ತು. ಗಾಜಿನ ಮೇಲಣ ಅಂಕಿಯು ಆಕ್ಷೇಪಣೆಯನ್ನು ಹೇಳುವುದಿಲ್ಲ; ಆದುದರಿಂದ ಅದಕ್ಕೆ ಸಮಾಧಾನವನ್ನೂ ಹೇಳುವಂತಿಲ್ಲ. ತನ್ನ ಲಾಟು ನೆರೆಯವನದಕ್ಕಿಂತ ನಲವತ್ತು ರೂಪಾಯಿ ಕಡಮೆಗೆ ನಿಂತುದೇಕೆಂಬುದು ರೈತನಿಗೆ ತಿಳಿಯದೆ ಹೋದರೆ, ಮುಂದಿನ ಬೆಳೆಯಲ್ಲಿ ಯಾವುದನ್ನು ತಿದ್ದಿಕೊಳ್ಳಬೇಕೆಂಬುದೂ ತಿಳಿಯದು. ಬೆಲೆಯು ಬಹಿರಂಗವಾಯಿತು, ಬೆಲೆಯ ಕಾರಣವು ಗೋಪ್ಯವಾಯಿತು.

೭. ಧಾನ್ಯದ ಪ್ರಾಂಗಣ ಮತ್ತು ಟೊಮ್ಯಾಟೊ ಮಂಡಿ

ಧಾನ್ಯದ ವ್ಯಾಪಾರದಲ್ಲಿ ನಡೆದ ಸುಧಾರಣೆಯು ಬೇರೊಂದು ದಾರಿಯನ್ನು ಹಿಡಿಯಿತು. ಕರ್ನಾಟಕ ಸರ್ಕಾರವು ೨೦೧೩ರ ಕೃಷಿ ಮಾರಾಟ ನೀತಿಯನ್ನನುಸರಿಸಿ, ೧೯೬೬ರ ಶಾಸನಕ್ಕೊಳಪಟ್ಟ ಕೃಷಿ ಉತ್ಪನ್ನ ಮಾರುಕಟ್ಟೆಗಳನ್ನು ಒಂದು ಜಾಲದಲ್ಲಿ ಕೂಡಿಸಲು ೨೦೧೪ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿತು. ಭಾರತ ಸರ್ಕಾರದ ಇ-ನಾಮ್ ಎಂಬ ರಾಷ್ಟ್ರೀಯ ಕೃಷಿ ಮಾರುಕಟ್ಟೆಯು ೨೦೧೬ರ ಏಪ್ರಿಲ್ ೧೪ರಂದು ಪ್ರಾರಂಭವಾಯಿತು. ಕರ್ನಾಟಕದ ವೇದಿಕೆಯಲ್ಲಿ ವರ್ತಕರು ಗೊತ್ತಾದ ಗಂಟೆಯೊಳಗಾಗಿ ಪ್ರತಿಯೊಂದು ರಾಶಿಗೂ ತಮ್ಮ ಬೆಲೆಯನ್ನು ಒಬ್ಬರದೊಬ್ಬರಿಗೆ ಕಾಣದಂತೆ ನಮೂದಿಸುತ್ತಾರೆ. ಹೆಚ್ಚು ಬೆಲೆ ಕೇಳಿದವನಿಗೆ ರಾಶಿ ಸಲ್ಲುತ್ತದೆ. ಒಪ್ಪುವ ಬಿಡುವ ಹಕ್ಕು ರೈತನದು. ವಲ್ಲಿಯ ಮರೆಯ ಗೋಪ್ಯವೇ ಇಲ್ಲಿ ಬೇರೆ ವೇಷದಿಂದ ಮರಳಿ ಬಂದಂತೆ ತೋರುವುದು. ಆದರೆ ಎರಡು ಕಡೆಯ ಬೆರಳನ್ನೂ ಹಿಡಿದ ದಲ್ಲಾಳಿ ಇಲ್ಲಿ ಇಲ್ಲವೆಂಬುದು ದೊಡ್ಡ ಭೇದ.

ಈ ಏರ್ಪಾಡಿನ ಫಲವನ್ನು ರೆಟ್ಸೆಫ್ ಲೆವಿ, ಮನೋಜ್ ರಾಜನ್, ಸೌಮ್ಯಾ ಸಿಂಘ್ವಿ, ಯಾನ್‌ಚೋಂಗ್ ಜೆಂಗ್ ಎಂಬ ವಿದ್ವಾಂಸರು ಪರಿಶೀಲಿಸಿ ೨೦೨೦ರಲ್ಲಿ ಪ್ರಕಟಿಸಿರುತ್ತಾರೆ. ವೇದಿಕೆ ಬಂದುದರಿಂದ ಭತ್ತದ ಧಾರಣೆ ಶೇಕಡ ೫.೧, ಕಡಲೆಕಾಯಿಯದು ೩.೬, ಮುಸುಕಿನ ಜೋಳದ್ದು ೩.೫ರಷ್ಟು ಏರಿತೆಂದು ಅವರ ನಿರ್ಣಯ. ಕೆಲವು ಬೆಳೆಗಳಲ್ಲಿ ಗಣನೀಯವಾದ ಏರಿಕೆ ಕಂಡುಬರಲಿಲ್ಲ. ಗೌರಿಬಿದನೂರಿನಂತೆ ಮುಸುಕಿನ ಜೋಳವನ್ನು ಬೆಳೆಯುವ ಸೀಮೆಗೆ ಇದು ಉಪೇಕ್ಷಿಸತಕ್ಕ ಮೊತ್ತವಲ್ಲ. ಇವರಲ್ಲಿ ಕೆಲವರು ಸೇರಿ, ಕರ್ನಾಟಕದ ಒಂದು ಬೇಳೆಕಾಳಿನ ಮಾರುಕಟ್ಟೆಯಲ್ಲಿ ೨೦೧೯ರಲ್ಲಿ ಮತ್ತೊಂದು ಪ್ರಯೋಗವನ್ನು ನಡೆಸಿದರು. ಮೊದಲ ಸುತ್ತಿನಲ್ಲಿ ಎಲ್ಲರೂ ಬೆಲೆ ನಮೂದಿಸಿದಮೇಲೆ, ಮೇಲ್ಮಟ್ಟದಲ್ಲಿ ನಿಂತ ಕೆಲವರಿಗೆ ಮಾತ್ರ ಎರಡನೆಯ ಸುತ್ತಿನಲ್ಲಿ ಬೆಲೆ ಏರಿಸಲು ಅವಕಾಶ. ಇದರಿಂದ ಧಾರಣೆಯು ಶೇಕಡ ೪.೭ರಷ್ಟು ಏರಿತೆಂದು ಅವರು ಬರೆದಿರುತ್ತಾರೆ. ಒಂದೇ ಮಾತಿನಲ್ಲಿ ಮುಗಿಸದೆ ‘ಇನ್ನೊಂದು ಮಾತು ಹೇಳಿ’ ಎಂದು ಕೇಳುವ ಹಳೆಯ ಸಂತೆಯ ಪದ್ಧತಿಗೆ ಇಲ್ಲಿ ಲೆಕ್ಕದ ಸಮರ್ಥನೆ ದೊರೆತಂತಾಯಿತು.

ಚಿಂತಾಮಣಿಯ ಟೊಮ್ಯಾಟೊ ಮಂಡಿಯ ಕಥೆಯೇ ಬೇರೆ. ಅಲ್ಲಿ ಕ್ರೇಟುಗಳ ಸಾಲಿನ ನಡುವೆ ಇಂದಿಗೂ ಬಾಯಿಕೂಗಿನ ಹರಾಜೇ ಬಲವಾದುದು. ಒಂದೊಂದು ಕ್ರೇಟಿಗೆ ಸುಮಾರು ೧೫ ಕಿಲೋ ಹಣ್ಣು. ಒಂದು ಸಾಲಿನ ಬೆಲೆ ನಿಶ್ಚಯವಾಗಲು ಕೆಲವು ನಿಮಿಷಗಳು ಸಾಕು. ಮಧ್ಯಾಹ್ನದೊಳಗೆ ಲಾರಿಗಳು ಹೊರಡಬೇಕು. ಹಣ್ಣಿನ ಬಣ್ಣ, ಗಟ್ಟಿತನ, ಗಾತ್ರ ಇವು ಗಂಟೆಗಂಟೆಗೂ ಬದಲಾಗುವುದರಿಂದ, ಕಾಣದೆ ಬೆಲೆ ಕಟ್ಟಲು ದೂರದ ವರ್ತಕನಿಗೆ ಧೈರ್ಯ ಸಾಲದು. ಮಂಡಿಯವನು ರೈತನಿಗೆ ಬಿತ್ತನೆಗೂ ಗೊಬ್ಬರಕ್ಕೂ ಮುಂಗಡ ಕೊಟ್ಟಿದ್ದರಂತೂ, ಹಣ್ಣು ಎಲ್ಲಿಗೆ ಹೋಗಬೇಕೆಂಬುದು ಬೆಳೆ ಬರುವುದಕ್ಕೆ ಮೊದಲೇ ತೀರ್ಮಾನವಾಗಿರುತ್ತದೆ. ಬೆಲೆಯ ಚೌಕಾಸಿಯನ್ನು ಯಂತ್ರಕ್ಕೆ ಒಪ್ಪಿಸಿದರೂ ಸಾಲದ ಚೌಕಾಸಿಯು ಹೊರಗೇ ಉಳಿಯುವುದೆಂಬುದಕ್ಕೆ ಇದು ನಿದರ್ಶನ.

೮. ಕಾಯಬಲ್ಲವನ ಬಲ

ಚೌಕಾಸಿಯಲ್ಲಿ ಗೆಲ್ಲುವವನಾರು? ಮಾತಿನ ಮಲ್ಲನು ಗೆಲ್ಲುವನೆಂಬುದು ಸಾಮಾನ್ಯರ ಭಾವನೆ. ಇಬ್ಬರು ಸರದಿಯಂತೆ ಒಂದೊಂದು ಮೊತ್ತವನ್ನು ಸೂಚಿಸುತ್ತ ಹೋಗುವ ಚೌಕಾಸಿಯನ್ನು ಏರಿಯಲ್ ರೂಬಿನ್‌ಸ್ಟೈನ್ ೧೯೮೨ರಲ್ಲಿ ಗಣಿತರೀತಿಯಿಂದ ವಿವೇಚಿಸಿ, ತಡವಾದರೆ ಯಾವನಿಗೆ ಕಡಮೆ ನಷ್ಟವೋ ಅವನಿಗೆ ಹೆಚ್ಚು ಪಾಲು ದೊರೆಯುವುದೆಂದು ತೋರಿಸಿದನು. ಮರುವರ್ಷ ರೋಜರ್ ಮೈಯರ್ಸನ್ ಮತ್ತು ಮಾರ್ಕ್ ಸ್ಯಾಟರ್‌ಥ್ವೇಟ್ ಎಂಬುವರು, ಇಬ್ಬರೂ ತಮ್ಮ ಮನಸ್ಸಿನ ಬೆಲೆಯನ್ನು ಬಚ್ಚಿಟ್ಟುಕೊಂಡಿರುವಾಗ, ಇಬ್ಬರಿಗೂ ಲಾಭವಾಗುವ ವ್ಯಾಪಾರಗಳೆಲ್ಲವೂ ತಪ್ಪದೆ ಕುದುರುವಂತೆ ಮಾಡುವ ನಿಯಮವು, ಹೊರಗಿನ ಹಣದ ಸಹಾಯವಿಲ್ಲದೆ, ಸಾಮಾನ್ಯವಾಗಿ ಸಾಧ್ಯವಿಲ್ಲವೆಂದು ಸಿದ್ಧಪಡಿಸಿದರು. ಎಷ್ಟೇ ನಿಪುಣವಾದ ಯಂತ್ರವನ್ನು ಕಲ್ಪಿಸಿದರೂ ಕುದುರದೆ ಮುರಿಯುವ ಮಾತು ಕೆಲವಿದ್ದೇ ಇರುವುವು.

ಈ ಸಿದ್ಧಾಂತವನ್ನು ನಾಲ್ಕು ಊರುಗಳಿಗೆ ಅನ್ವಯಿಸಿದರೆ ಮೊದಲು ಹೇಳಿದ ಕಾಲಪ್ರಮಾಣದ ಅರ್ಥವು ಸ್ಪಷ್ಟವಾಗುತ್ತದೆ. ಒಪ್ಪದೆ ಬಿಡುವ ಹಕ್ಕು ಎಲ್ಲ ರೈತರಿಗೂ ಕಾಗದದ ಮೇಲೆ ಸಮನಾಗಿದೆ. ಮುಸುಕಿನ ಜೋಳದವನು ಆ ಹಕ್ಕನ್ನು ಒಂದು ತಿಂಗಳು ಚಲಾಯಿಸಬಲ್ಲನು. ಗೂಡಿನವನು ಒಂದೆರಡು ಸುತ್ತು ಚಲಾಯಿಸಬಲ್ಲನು. ಮರುದಿನಕ್ಕೆ ಉಳಿಸಿದರೆ ತೂಕ ಇಳಿಯುವುದು, ಗಾಡಿಯ ಬಾಡಿಗೆ ಬೀಳುವುದು. ಹೂವಿನವನಿಗೆ ಆ ಹಕ್ಕು ಇದ್ದೂ ಇಲ್ಲದಂತೆ. ಗಿಟ್ಟದ ದಿನ ಅವನು ಹೂವನ್ನು ರಸ್ತೆಯ ಬದಿಯಲ್ಲಿ ಸುರಿದು ಹೋಗುವುದುಂಟು.

ಅಂತರ್ಜಾಲದ ಪೇಟೆಗಳಲ್ಲಿಯೂ ಈ ನ್ಯಾಯವೇ ನಡೆಯುತ್ತಿದೆ. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಪ್ಯಾರಿಸ್ಸಿನ ಬೋನ್ ಮಾರ್ಶೆಯಂತಹ ದೊಡ್ಡ ಅಂಗಡಿಗಳು ಚೀಟಿಯ ಮೇಲೆ ಬೆಲೆ ಬರೆದು ಚೌಕಾಸಿಯನ್ನು ನಿ‍ಲ್ಲಿಸಿದುವು. ೧೯೯೫ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಈಬೇ ಎಂಬ ಅಂತರ್ಜಾಲದ ಪೇಟೆಯು ಹರಾಜಿನಿಂದ ಆರಂಭವಾಗಿ, ಕ್ರಮೇಣ ನಿಶ್ಚಿತ ಬೆಲೆಗೂ, ಕೊಳ್ಳುವವನು ತನ್ನ ಮೊತ್ತವನ್ನು ಸೂಚಿಸುವ ಚೌಕಾಸಿಗೂ ಎಡೆಕೊಟ್ಟಿತು. ಹಳೆಯ ಬೈಕನ್ನೋ ಪಂಪ್‌ಸೆಟ್ಟನ್ನೋ ಫೋನಿನಲ್ಲಿ ಚಿತ್ರ ಹಾಕಿ ಮಾರುವವನಿಗೆ ಮೊದಲು ಬರುವ ಪ್ರಶ್ನೆಯು ‘ಕೊನೇ ಬೆಲೆ ಎಷ್ಟು?’ ಎಂಬುದೇ. ಸಂತೆಯಲ್ಲಿ ಕಡೆಗೆ ಬರಬೇಕಾದ ಮಾತು ಇಲ್ಲಿ ಮೊದಲಿಗೆ ಬರುತ್ತದೆ; ಏಕೆಂದರೆ ಪದಾರ್ಥವು ಕೈಗೆಟುಕದಿರುವಾಗ ವಿಚಾರಣೆಗೆ ಆಸ್ಪದವಿಲ್ಲ, ಅಂಕಿಯೊಂದೇ ಮಾತಿಗೆ ಸಿಕ್ಕುವ ವಸ್ತು.

೯. ಉಪಸಂಹಾರ

ಮೇಲಣ ಪರಿಶೀಲನೆಯಿಂದ ಹೊರಡುವ ನಿರ್ಣಯವಿಷ್ಟು. ಚೌಕಾಸಿಯೆಂಬುದು ಒಂದೇ ಕಾರ್ಯವಲ್ಲ. ಬೆಲೆಯ ಹೋರಾಟ, ಗುಣದ ವಿಚಾರಣೆ, ಕಾಯುವ ಶಕ್ತಿಯ ಪರೀಕ್ಷೆ ಇವು ಮೂರೂ ಅದರಲ್ಲಿ ಸೇರಿವೆ. ವಿದ್ಯುನ್ಮಾನ ಹರಾಜು ಮೊದಲನೆಯದನ್ನು ನ್ಯಾಯವಾಗಿ ನಡೆಸಿಕೊಡುತ್ತದೆ. ಎರಡನೆಯದು ಸರಿಹೋಗಬೇಕಾದರೆ ಪ್ರತಿ ಲಾಟಿನ ಮಾದರಿಯನ್ನು ಹರಾಜಿಗೆ ಮೊದಲೇ ಮಾರುಕಟ್ಟೆಯಲ್ಲಿ ಪರೀಕ್ಷಿಸಿ, ಚಿಪ್ಪಿನ ಪ್ರಮಾಣವನ್ನೂ ಕೆಟ್ಟ ಗೂಡಿನ ಸಂಖ್ಯೆಯನ್ನೂ ಬೆಲೆಯಷ್ಟೇ ಬಹಿರಂಗವಾಗಿ ಬರೆಯಬೇಕು; ಆಗ ರೈತನಿಗೆ ತನ್ನ ಗೂಡಿನ ಗುಣವು ಕೊಳ್ಳುವವನಿಗಿಂತ ಮೊದಲೇ ತಿಳಿಯುವುದು. ಮೂರನೆಯದಕ್ಕೆ ಹರಾಜಿನ ನಿಯಮದಲ್ಲಿ ಪರಿಹಾರವಿಲ್ಲ. ಗೂಡನ್ನು ಒಣಗಿಸಿ ಇಡುವ ಬಿಸಿಗಾಳಿಯ ಯಂತ್ರ, ಟೊಮ್ಯಾಟೊಗೂ ಹೂವಿಗೂ ಶೀತಲಗೃಹ, ಮಾರುವವರೆಗೆ ಮನೆಯ ಖರ್ಚಿಗೆ ಮಂಡಿಯ ಹಂಗಿಲ್ಲದ ಸಾಲ, ಇವು ರೈತನ ಕೈಗೆ ಕಾಲವನ್ನು ತಂದುಕೊಡತಕ್ಕವು. ಅವು ದೊರೆತಂದು, ಬೆಳಗಿನ ಧಾರಣೆಯನ್ನು ಕಂಡ ರೈತನು ‘ಗಿಟ್ಟದು’ ಎಂದರೆ ಆ ಮಾತಿಗೆ ಬೆಲೆ ಬರುವುದು. ಅಲ್ಲಿಯವರೆಗೆ ಒಪ್ಪದೆ ಬಿಡುವ ಹಕ್ಕು ಶಿಡ್ಲಘಟ್ಟದ ಗೂಡಿನವನಿಗೆ ಒಂದು ಸುತ್ತಿನದಾಗಿಯೂ, ಚಿಕ್ಕಬಳ್ಳಾಪುರದ ಹೂವಿನವನಿಗೆ ಒಂದು ಗಳಿಗೆಯದಾಗಿಯೂ ಉಳಿಯುವುದು.